ಆಯುಧಪೂಜೆಯ ದಿನದ ಒಂದು ಒತ್ತು

ಆಷಾಢದ ಗಾಳಿ ರಸ್ತೆಯ ಧೂಳನ್ನೆಲ್ಲ ಒಳಗೆ ತುಂಬುತ್ತಿದ್ದ ಒಂದು ಮಧ್ಯಾಹ್ನ, ರಾಣೆಬೆನ್ನೂರಿನ ಟೈಪಿಂಗ್ ಕ್ಲಾಸಿನಲ್ಲಿ ನನ್ನ ಪೆಟ್ಟಿಗೆ ಬಿಚ್ಚಿದರು. ನಾನು ಒಂದು ಮೌಸ್. ನನಗೆ ಓದು ಅಷ್ಟಕ್ಕಷ್ಟೆ. ಆದರೆ ಮೇಲಿಂದ ಒತ್ತುವ ಕೈ ಎಂಥದ್ದು ಅನ್ನುವುದು ತಿಳಿಯುತ್ತದೆ, ತಿಳಿದದ್ದು ಮರೆಯುವುದಿಲ್ಲ.

ಕ್ಲಾಸಿನ ಹುಡುಗಿಯರು ನನ್ನನ್ನು ಹೆದರಿ ಹೆದರಿ ಮುಟ್ಟುತ್ತಿದ್ದರು. ಕ್ಲಾಸು ಮುಚ್ಚಿದಾಗ ಫೋಟೋ ಸ್ಟುಡಿಯೋದ ಚನ್ನವೀರಪ್ಪ ಕಂಪ್ಯೂಟರಿನ ಜೊತೆ ನನ್ನನ್ನೂ ಕೊಂಡು ತಂದ. ಅವನ ಕೈಯಲ್ಲಿ ಹೆದರಿಕೆ ಇರಲಿಲ್ಲ. ಯೋಚನೆಯೂ ಇರಲಿಲ್ಲ.

ತೆಗೆದ ಮದುವೆ ಫೋಟೋಗಳನ್ನೆಲ್ಲ ಅವನು ಇಂಟರ್ನೆಟ್ಟಿನಲ್ಲಿ ಕಾದಿಡುವ ಒಂದು ಕಂಪನಿಗೆ ಒಪ್ಪಿಸಿದ್ದ, ತನ್ನಲ್ಲಿ ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ. ಅವುಗಳಲ್ಲಿ ಶಾವಂತ್ರವ್ವನ ಮಗಳು ಸುಮಿತ್ರಾಳ ಮದುವೆಯದೂ ಇತ್ತು. ಮದುವೆಯಾದ ವರ್ಷದೊಳಗೆ ಸುಮಿತ್ರಾ ತೀರಿಕೊಂಡಳು. ಆಲ್ಬಮ್ಮನ್ನು ಗಂಡನ ಮನೆಯವರು ಕೊಡಲಿಲ್ಲ.

"ನನ್ನ ಮಗಳ ಮಾರಿ ಒಂದ ಇದ್ರ ಸಾಕ್ರೀ, ದೊಡ್ಡದ ಮಾಡಿ ಕೊಡ್ರಿ" ಎಂದು ಆ ತಾಯಿ ಮಗಳ ಮುಖದ ಫೋಟೋ ಕೇಳಿದಳು.

"ದಸರಾಕ್ಕ ಬರ್ರಿ, ಯವ್ವಾ" ಎಂದ ಇವನು.

ಆಯುಧಪೂಜೆಯ ದಿನ ನಮಗೆಲ್ಲ ಕುಂಕುಮ, ಚೆಂಡುಹೂವು. ಪೂಜೆಗಿಟ್ಟ ಸಾಮಾನನ್ನು ಆ ದಿನ ಕೆಲಸಕ್ಕೆ ಹಚ್ಚುವುದಿಲ್ಲ. ಶಾಸ್ತ್ರಕ್ಕೆಂದು ಚಾಲೂ ಮಾಡಿಟ್ಟ ಪರದೆಯ ಮೇಲೆ ಒಂದು ಇ-ಮೇಲ್ ಬಂತು. ಅದೇ ಕಂಪನಿಯ ಹೆಸರು, ಅದೇ ಗುರುತು. 'ಮಾನ್ಯ ಗ್ರಾಹಕರೇ, ಸಂಜೆಯೊಳಗೆ ಪಾಸ್‌ವರ್ಡ್ ಕೊಡದಿದ್ದರೆ ನಿಮ್ಮ ಫೋಟೋಗಳೆಲ್ಲ ಅಳಿಸಿಹೋಗುತ್ತವೆ.' ಅದರ ಕೆಳಗೆ 'ಇಲ್ಲಿ ಒತ್ತಿ' ಎಂಬ ಗುಂಡಿ.

ಎಂಥ ಕಚಡಾ ವೇಷ! ಇಷ್ಟು ವರ್ಷ ಆ ಕಂಪನಿ ಇವನನ್ನು ಹೆಸರು ಹಿಡಿದು ಕರೆದಿತ್ತು. ಪಾಸ್‌ವರ್ಡ್ ಒಮ್ಮೆಯೂ ಕೇಳಿರಲಿಲ್ಲ. ಇಂದು ಹೆಸರೇ ಗೊತ್ತಿಲ್ಲದವನೊಬ್ಬ ಬಂದು ಬೀಗದ ಕೈ ಕೇಳುತ್ತಿದ್ದಾನೆ, ಅದೂ ಗದರಿಸಿ. ಕಳ್ಳನಿಗೆ ನಾಚಿಕೆ ಇರಲಿಕ್ಕಿಲ್ಲ, ಚನ್ನವೀರಪ್ಪನಿಗೆ ಕಣ್ಣಾದರೂ ಇರಬೇಕಿತ್ತು.

"ಇವತ್ತ ಮುಟ್ಟಬ್ಯಾಡ್ರಿ. ನಾಳೆ ಆ ಕಂಪನಿಯವರಿಗೇ ಕೇಳ್ರಿ" ಎಂದಳು ಹೆಂಡತಿ ಗಿರಿಜವ್ವ.

"ನಾಳೆತನಕ ಫೋಟೋ ಇರ್ತಾವೇನ? ಒಂದ ಸಲ ಒತ್ತಿದ್ರ ಪೂಜಾ ಏನೂ ಕೆಡೂದಿಲ್ಲ. ನೀ ಕಾಯಿ ಒಡಿ."

ಪೂಜೆ ಕೆಡಬಾರದೆಂದು ಒಂದೇ ಒತ್ತು! ಒತ್ತದೆ ನನ್ನನ್ನು ಆ ಗುಂಡಿಯ ಮೇಲೆ ಸುಮ್ಮನೆ ನಿಲ್ಲಿಸಿದ್ದರೂ ಸಾಕಿತ್ತು. ಅದು ಎಲ್ಲಿಗೆ ಕರೆದೊಯ್ಯುತ್ತದೆಂಬ ನಿಜವಾದ ವಿಳಾಸ ಪರದೆಯ ಕೆಳಗೆ ಮೂಡುತ್ತಿತ್ತು. ಕಂಪನಿಗೆ ಸಂಬಂಧವೇ ಇಲ್ಲದ ವಿಳಾಸ. ಇಲ್ಲವೇ ಆ ಪತ್ರವನ್ನು ಬಿಟ್ಟು, ದಿನಾ ಹೋಗುವ ದಾರಿಯಲ್ಲೇ ಕಂಪನಿಯ ಪುಟಕ್ಕೆ ಹೋಗಿ ನೋಡಬಹುದಿತ್ತು. ಅದಕ್ಕೆ ನಾಲ್ಕು ಸಲ ಒತ್ತಬೇಕಲ್ಲ, ಪಾಪ, ಭಕ್ತ!

ಒತ್ತಿದ. ಪಾಸ್‌ವರ್ಡ್ ಬರೆದ. ಸಂಜೆಗೆ ಅವನ ಖಾತೆಯೊಳಗೆ ಅವನಿಗೇ ಪ್ರವೇಶವಿಲ್ಲ. ಕಳ್ಳರು ದುಡ್ಡು ಕೇಳಿದರು, ಇವನು ಬೈದ, ಅವರು ಎಲ್ಲವನ್ನೂ ಅಳಿಸಿದರು. ಕಂಪನಿಯವರ ಕೈಯಲ್ಲೂ ಏನೂ ಉಳಿದಿರಲಿಲ್ಲ.

ಮರುದಿನ ಶಾವಂತ್ರವ್ವ ಬಂದಳು.

"ಈ ದರಿದ್ರ ಮೌಸ್ ತಾನ ಒತ್ಕೊಂತು, ಯವ್ವಾ. ಎಲ್ಲಾ ಹೋತು" ಎಂದು ನನ್ನ ವೈರ್ ಕಿತ್ತು ಮೇಜಿನ ಖಾನೆಗೆ ಎಸೆದ. ಇಂದಿಗೂ ಅಲ್ಲೇ ಇದ್ದೇನೆ, ಸತ್ತ ಬ್ಯಾಟರಿಗಳ ನಡುವೆ, ಕುಂಕುಮ ಒರೆಸಿಕೊಳ್ಳದೆ. ಇಷ್ಟು ಕೈಗಳ ಕೆಳಗೆ ಬಾಳಿದೆ. ತಾನಾಗಿ ಒತ್ತಿಕೊಳ್ಳುವ ಮೌಸನ್ನು ಮಾತ್ರ ನಾನು ಕಂಡಿಲ್ಲ.

ಆ ತಾಯಿ ಬೈಯಲಿಲ್ಲ. "ಅಕಿ ಮಾರಿ ಹೆಂಗಿತ್ತಂತ ಮರ್ಯಾಕ ಹತ್ತೇನ್ರೀ" ಎಂದಳು, ಅಷ್ಟೆ. ಸೆರಗಿನಿಂದ ಬನ್ನಿ ಎಲೆ ತೆಗೆದು, "ಬಂಗಾರ ತಗೋರಿ" ಎಂದು ಅವನ ಅಂಗೈಗೆ ಇಟ್ಟು, ಬರಿಗೈಯಲ್ಲಿ ಹೊರಟುಹೋದಳು. ಅಂದು ವಿಜಯದಶಮಿ, ಶುಕ್ರವಾರ, ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದ ದಿನ.