ತಾಂಬೂಲದ ಚೀಲದಲ್ಲಿ ಗುಳುಮುಳುಕ

ಅಚ್ಯುತನ ಮಗಳು ತನ್ವಿಯ ರಂಗಪ್ರವೇಶಕ್ಕೆ ಎಲ್ಲರಿಗಿಂತ ಮುಂಚೆ ಬಂದಿದ್ದು ಹಕ್ಕಿಗಳು. ನಾನು, ನಮ್ಮತ್ತೆ ಈರವ್ವ, ಇಬ್ಬರೂ ಮಾರ್ಗನ್ ಹಿಲ್ ಊರಲ್ಲಿರೋ ನಮ್ಮವರ ಪ್ರೋಗ್ರಾಮ್ ಹಾಲಿಗೆ ಹೋಗೋ ಹೊತ್ತಿಗೆ ಪಾರ್ಕಿಂಗ್ ಲಾಟು ಫುಲ್ಲು. ಎರಡೆರಡು ಗೆರೆ ಮಧ್ಯೆ ಒಂದೊಂದು ಹಕ್ಕಿ, ನೀಟಾಗಿ ಕೂತಿದೆ. ನಮ್ಮ ಜನ ಇಷ್ಟು ವರ್ಷದಿಂದ ಈ ದೇಶದಲ್ಲಿ ಗಾಡಿ ಓಡಿಸ್ತಿದಾರೆ, ಅಷ್ಟು ನೆಟ್ಟಗೆ ಪಾರ್ಕ್ ಮಾಡಿದ್ದು ನಾನು ಕಂಡಿಲ್ಲ. ಗಾಲಿಕುರ್ಚಿ ಚಿತ್ರ ಬರೆದಿರೋ ಜಾಗದಲ್ಲಿ ಕೂತಿದ್ದ ಹಕ್ಕಿಗೆ ನಿಜವಾಗಲೂ ಕಾಲು ಉಳುಕಿತ್ತು.

ನಮ್ಮೂರ ಕೆರೇಲಿ ಮುಳುಗಿ ಮುಳುಗಿ ಏಳುತ್ತಲ್ಲ ಗುಳುಮುಳುಕ, ಅದರ ಅಮೆರಿಕದ ಕಸಿನ್ನು ಇವು. ಕೆಂಪು ಕಣ್ಣು, ಕಿವಿ ಹತ್ರ ಹಳದಿ ಪುಕ್ಕ, ಬಂಗಾರದ ಓಲೆ ಹಾಕ್ಕೊಂಡ ಹಾಗೆ. ಚಳಿ ಮುಗೀತು ಅಂತ ಉತ್ತರಕ್ಕೆ ಹೊರಟಿದ್ವು. ಕೆಳಗೆ ನೋಡಿದ್ರೆ ಫಳಫಳ ಅಂತ ನೀರು. ಇಳಿದ್ವು. ನೀರಲ್ಲ. ಹಾಲ್ ಕಮಿಟಿ ಮೆಂಬರ್ ಅಚ್ಯುತ, ಮಗಳ ಪ್ರೋಗ್ರಾಮಿಗೆ ಚೆನ್ನಾಗಿ ಕಾಣಲಿ ಅಂತ ಲಾಟಿಗೆಲ್ಲ ಹೊಸದಾಗಿ ಕಪ್ಪು ಬಳಿಸಿದ್ದ. ಅದರ ಮೇಲೆ ತುಂತುರು ಮಳೆ.

ಈ ಹಕ್ಕಿಗೆ ಕಾಲು ಇರೋದು ಬೆನ್ನ ಕೊನೇಲಿ. ನೀರಿನ ಮೇಲೆ ಓಡಿದ್ರೆ ಮಾತ್ರ ಹಾರಕ್ಕಾಗೋದು. ನೆಲದ ಮೇಲೆ ಕೂತ್ರೆ ಕೂತಂಗೇ ಸಾಯ್ತವೆ.

ತನ್ವಿ ಪೂರ್ತಿ ಮೇಕಪ್ಪಲ್ಲಿ ಹೊರಗೆ ಬಂದು ನೋಡಿದಳು. "ಅಪ್ಪಾ, ದೇ ಆರ್ ಡೈಯಿಂಗ್ ಇನ್ ಯುವರ್ ಪಾರ್ಕಿಂಗ್ ಲಾಟ್. ಎಲ್ಲಾ ವಾಟರಿಗೆ ಹೋಗೋವರೆಗೂ ನಾನು ಗೆಜ್ಜೆ ಕಟ್ಟಲ್ಲ."

ಅವಳಮ್ಮ ಪದ್ಮಜಾ ಮೆಟ್ಟಲ ಮೇಲೇ ಕೂತುಬಿಟ್ಟಳು. "ಮೈಸೂರಿಂದ ಮೃದಂಗದವರನ್ನ ಕರೆಸಿದೀನಿ ಕಣೇ! ಹತ್ತು ವರ್ಷ ಕ್ಲಾಸಿಗೆ ಡ್ರೈವ್ ಮಾಡಿದೀನಿ!"

"ಸಾರಿ ಅಮ್ಮ."

ಅಚ್ಯುತ ಹಕ್ಕಿ ರೆಸ್ಕ್ಯೂನವರಿಗೆ ಫೋನ್ ಮಾಡಿದ. ಇರೋದು ಒಂದೇ ವ್ಯಾನಂತೆ, ಅದು ಇನ್ಯಾರದೋ ಪಾರ್ಕಿಂಗ್ ಲಾಟಲ್ಲಿತ್ತು. ಹುಷಾರಾಗಿ ಎತ್ತಿ, ಬಟ್ಟೆ ಚೀಲದಲ್ಲಿ ಇಟ್ಟು, ಅಲ್ವಿಸೋದಲ್ಲಿ ಸಮುದ್ರದ ಕೊಲ್ಲಿ ಹತ್ರ ಇರೋ ಉಪ್ಪುನೀರಿನ ಕೊಳಕ್ಕೆ ಬಿಡಿ ಅಂದ್ರು.

"ಅಲ್ವಿಸೋ ತನಕ ಇಷ್ಟು ಹಕ್ಕೀನ ಯಾರ್ರೀ ತಗೊಂಡ್ಹೋಗ್ತಾರೆ?" ಅಂದ ಅಚ್ಯುತ.

ನಮ್ಮತ್ತೆ ಹುಬ್ಬಳ್ಳಿಯವರು. ಬಾಗಿಲಲ್ಲಿ ಜೋಡಿಸಿಟ್ಟಿದ್ದ ತಾಂಬೂಲದ ಚೀಲಗಳನ್ನ ನೋಡಿದ್ರು. ಒಳ್ಳೆ ಕಾಟನ್ ಚೀಲ, ಮೇಲೆ ತನ್ವಿ ಫೋಟೋ, ಒಳಗೆ ತೆಂಗಿನಕಾಯಿ.

"ಅಲ್ಲೋ ಅಚ್ಯುತಾ, ತಾಂಬೂಲ ಒಲ್ಲೆ ಅನ್ನೂ ಧೈರ್ಯ ಯಾರಿಗೈತಿ? ಕಾಯಿ ತಗೀ, ಹಕ್ಕಿ ಇಡು."

ಹಾಗೇ ಮಾಡಿದ್ವಿ. ಒಬ್ಬೊಬ್ಬರು ಬಂದ ಹಾಗೂ ಪದ್ಮಜಾ ಅಳ್ತಾನೇ ಕುಂಕುಮ ಕೊಟ್ಟು, ಚೀಲ ಕೊಟ್ಟು, "ಪ್ರೋಗ್ರಾಮು ಅಲ್ವಿಸೋಗೆ ಶಿಫ್ಟ್ ಆಗಿದೆ, ಚೀಲ ಮರೀದೆ ತನ್ನಿ" ಅಂದಳು. ಯಾರೂ ಯಾಕೆ ಅನ್ನಲಿಲ್ಲ. ಕೊಟ್ಟವರ ಎದುರಿಗೆ ಯಾರೂ ಚೀಲ ಬಿಚ್ಚಿ ನೋಡಲೂ ಇಲ್ಲ. ಅದು ನಮ್ಮಲ್ಲಿ ಮರ್ಯಾದೆ ಅಲ್ಲ. ಒನ್ ಓ ಒನ್ ಫ್ರೀವೇಲಿ ಅವತ್ತು, ಗಾಡೀಲಿ ಇಬ್ಬರಾದ್ರೂ ಇದ್ರೆ ಮಾತ್ರ ಬಿಡೋ ಕಾರ್‌ಪೂಲ್ ಲೇನ್ ತುಂಬಾ ನಮ್ಮವರೇ. ಒಬ್ಬನೇ ಹೋಗ್ತಿದ್ದ ಜಯರಾಮ್‌ನ ಪೊಲೀಸಿನವನು ನಿಲ್ಲಿಸಿದ್ನಂತೆ. ಸೀಟ್ ಬೆಲ್ಟ್ ಹಾಕ್ಕೊಂಡ ಚೀಲದಿಂದ ಎರಡು ಕೆಂಪು ಕಣ್ಣು ದುರುಗುಟ್ಟಿ ನೋಡಿದ್ದಕ್ಕೆ, ಸಾರಿ ಮ್ಯಾಮ್ ಅಂದು ಬಿಟ್ಟುಬಿಟ್ನಂತೆ.

ಕೊಳದ ದಂಡೆ ಮೇಲೆ ಒಂದೊಂದೇ ಚೀಲ ಬಿಚ್ಚಿದ್ವಿ. ಹಕ್ಕಿ ನೀರಿಗೆ ಬಿದ್ದ ಕೂಡಲೆ ಮುಳುಗಿ, ಇನ್ನೆಲ್ಲೋ ಎದ್ದು, ತಲೆ ಕೊಡವೋದು. ಎಲ್ಲಾ ಮುಗೀತು ಅನ್ನೋವಾಗ ಗೆಳೆಯ ಶ್ರೀಕಂಠ ಕೈ ಬೀಸ್ಕೊಂಡು ಬಂದ.

"ನಿನ್ನ ಚೀಲ ಎಲ್ಲೋ?" ಅಂದೆ.

"ಬರೋ ದಾರೀಲಿ ಸರಟೋಗಾದಲ್ಲಿ ಸತ್ಯವತಿಯವರ ಗೃಹಪ್ರವೇಶ ಇತ್ತಲ್ವಾ, ಬರಿಗೈಲಿ ಹೆಂಗೆ ಹೋಗೋದು? ಕೊಟ್ಬಿಟ್ಟೆ."

"ಒಳಗೆ ಅಲ್ಲಾಡ್ತಾ ಇರಲಿಲ್ವೇನೋ?"

"ಅಲ್ಲಾಡ್ತಿತ್ತು. ಕಾಯಲ್ಲಿ ನೀರು ಚೆನ್ನಾಗಿದೆ ಅಂದ್ಕೊಂಡೆ."

ತನ್ವಿ ಕೈಲಿದ್ದ ಗೆಜ್ಜೆ ವಾಪಸ್ ಪೆಟ್ಟಿಗೆಗೆ ಹಾಕಿದಳು. ಪದ್ಮಜಾ ಶ್ರೀಕಂಠನ್ನ ನೋಡಿದ ರೀತಿಗೆ ಅವನೇ ಕೊಳಕ್ಕೆ ಇಳೀತಾನೇನೋ ಅನ್ನಿಸ್ತು. "ಅಳಿಯಂದ್ರ, ಗಾಡಿ ತಗೀರಿ" ಅಂದ್ರು ನಮ್ಮತ್ತೆ.

ಸರಟೋಗಾದಲ್ಲಿ ಚೀಲ ಹಂಗಂಗೇ ದೇವರ ಮುಂದೆ ಇತ್ತು. ಸತ್ಯವತಿಯವರು ಅದರ ಮೇಲೆ ಹೂವೂ ಇಟ್ಟಿದ್ರು. ವಿಷಯ ಹೇಳಿದೆ.

"ಹಕ್ಕಿನೋ ಕಾಯಿನೋ, ಕೊಟ್ಟ ತಾಂಬೂಲ ವಾಪಸ್ ಕೇಳ್ತಾರೇನ್ರೀ? ಹೊಸ ಮನೆಯಿಂದ ಲಕ್ಷ್ಮೀನ ಹೊರಗೆ ಕಳಿಸ್ಲಾ?" ಅಂದ್ರು. ಲಕ್ಷ್ಮಿ ಚೀಲದೊಳಗಿಂದ ಕಿರ್ ಅಂತು. ದನಿ ಕ್ಷೀಣ ಆಗಿತ್ತು.

ನಮ್ಮತ್ತೆ ಆರಾಮಾಗಿ ಸೋಫಾ ಮೇಲೆ ಕೂತ್ರು. "ನಾವೇನು ವಾಪಸ್ ಕೇಳಾಕ ಬಂದಿಲ್ಲವ್ವಾ. ಅಲ್ಲೆ ಒಂದು ಹುಡುಗಿ ಗೆಜ್ಜಿ ಕಟ್ಟಾಕ ನಿಂತೈತಿ. ಕನ್ಯಾಮುತ್ತೈದಿಗೆ ನೀ ನಿನ್ನ ಕೈಯಾರೆ ತಾಂಬೂಲ ಕೊಟ್ರ ಪುಣ್ಯ ನಿನಗ."

ಸತ್ಯವತಿಯವರು ಸೀರೆ ಸರಿಮಾಡ್ಕೊಂಡು, ಚೀಲ ಎತ್ಕೊಂಡು, ನಮಗಿಂತ ಮುಂಚೆ ಕಾರಲ್ಲಿ ಕೂತಿದ್ರು.

ದಂಡೆ ಮೇಲೆ ತನ್ವಿಗೆ ಅರಿಶಿನ ಕುಂಕುಮ ಕೊಟ್ಟು, ಚೀಲ ಕೊಟ್ರು. ಅವಳು ನಮಸ್ಕಾರ ಮಾಡಿ, ಮಂಡಿಯೂರಿ, ಚೀಲ ಬಾಗಿಸಿದಳು. ಹಕ್ಕಿ ಬಿತ್ತು. ಮುಳುಗಲಿಲ್ಲ. ಸುಮ್ನೆ ತೇಲ್ತಾ ಇತ್ತು. ಮೃದಂಗದವರೂ ದಂಡೆ ತುದಿಗೆ ಬಂದು ಬಗ್ಗಿ ನೋಡಿದ್ರು. ಆಮೇಲೆ ತಲೆ ಮೇಲಿದ್ದ ಸೇವಂತಿಗೆ ದಳ ಕೊಡವಿ, ಗುಳುಕ್ ಅಂತ ಮುಳುಗ್ತು.

"ಅಪ್ಪಾ, ನೆಕ್ಸ್ಟ್ ಇಯರ್ ಅಗೇನ್ ಬರ್ತಾವಲ್ಲ?" ಅಂದಳು ತನ್ವಿ.

"ಹೊಳಪು ತೆಗೆಸ್ತೀನಮ್ಮಾ. ಆಣೆ."

ಆಮೇಲೆ ಗೆಜ್ಜೆ ಕಟ್ಟಿದಳು. ಮಣ್ಣಿನ ದಂಡೆ ಮೇಲೆ ಪೂರ್ತಿ ಕಾರ್ಯಕ್ರಮ, ಅಲ್ಲಾರಿಪುವಿಂದ ತಿಲ್ಲಾನದವರೆಗೆ. ಈ ಕಡೆ ನಾವು, ಆ ಕಡೆ ಅವು. ತಿಲ್ಲಾನಕ್ಕೆ ಹಕ್ಕಿಗಳೆಲ್ಲಾ ನೀರಿನ ಮೇಲೆ ಎದ್ದು ನಿಂತು ಕುಣಿದ್ವು. ತಾಳ ನಮ್ಮವರಿಗಿಂತ ಚೆನ್ನಾಗಿ ಹಾಕಿದ್ವು ಅಂತ ಮೃದಂಗದವರೇ ಹೇಳಿದಾರೆ. ಕತ್ತಲಾಗೋ ಹೊತ್ತಿಗೆ ನೀರಿನ ಮೇಲೆ ಪಟಪಟ ಓಡಿ, ಉತ್ತರಕ್ಕೆ ಹೊರಟುಹೋದ್ವು.

ಅಚ್ಯುತ ಮಾತು ತಪ್ಪುವವನಲ್ಲ. ಹೊಳಪು ತೆಗೆಸೋ ಕಂಟ್ರಾಕ್ಟರು ಸಿಗಲಿಲ್ಲ ಅಂತ, ಲಾಟು ಪೂರ್ತಿ ಬಿಳಿ ಪೇಂಟಲ್ಲಿ ಅವನೇ ರಂಗೋಲಿ ಬಿಟ್ಟ. ಮೇಲಿಂದ ನೋಡಿದ ಹಕ್ಕಿಗೂ ಇದು ಯಾರದೋ ಮನೆ ಅಂಗಳ ಅಂತ ಗೊತ್ತಾಗ್ಬೇಕು. ಗೊತ್ತಾಗಿದೆ, ಒಂದೂ ಇಳಿದಿಲ್ಲ.

ಆದ್ರೆ ರಂಗೋಲಿ ಮೇಲೆ ಟೈರು ಹತ್ತಿಸೋ ಧೈರ್ಯ ನಮ್ಮವರಲ್ಲಿ ಯಾರಿಗಿದೆ? ಈಗ ಯಾವ ಪ್ರೋಗ್ರಾಮಿಗೆ ಹೋದ್ರೂ ಎಲ್ಲರೂ ಗಾಡಿ ದೂರದ ರಸ್ತೇಲಿ ನಿಲ್ಲಿಸಿ, ರಂಗೋಲಿ ತುಳೀದೆ ಬೇಲಿ ಬದೀಲಿ ಸಾಲಾಗಿ ನಡ್ಕೊಂಡು ಬರ್ತೀವಿ.