ಮಿಕ್ಸೆಡ್ ಅಂದರೆ ಏನೇನು?

ಪುಟ್ಟಸ್ವಾಮಿಗೌಡರ ಎಸ್ಟೇಟಿನಲ್ಲಿ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಊಟ ಉಂಟು. ಗೌಡರು ತರಿಸುತ್ತಾರೆ, ಉಳಿದವರು ತಿನ್ನುತ್ತಾರೆ. ನಿಮಗೇನು ಬೇಕೆಂದು ಅವರು ಕೇಳಿದ್ದಿಲ್ಲ, ಇವರು ಹೇಳಿದ್ದೂ ಇಲ್ಲ. ಎಂಬತ್ಮೂರನೇ ಇಸವಿಯಲ್ಲಿ ಆ ಊಟ ಚಿಕ್ಕಮಗಳೂರಿನ ಹೊಸ ಚೈನೀಸ್ ಹೋಟೆಲಿಗೆ ಬಂತು. ಬಾಳೂರಿನಿಂದ ಗೌಡರ ಜೀಪು ಹತ್ತಿ ಬಂದವರು ಮೇಸ್ತ್ರಿ ಬೊಮ್ಮಯ್ಯ, ಯಂತ್ರ ರಿಪೇರಿಯ ಅಬ್ದುಲ್ ವಹಾಬ್, ಅವನ ಹೆಂಡತಿ ಹಮೀದುನ್ನೀಸಾ.

ಗೌಡರು ಮೆನು ಕಾರ್ಡನ್ನು ತೆರೆಯಲೂ ಇಲ್ಲ. "ಎಲ್ಲರಿಗೂ ಮಿಕ್ಸೆಡ್ ಫ್ರೈಡ್ ರೈಸ್" ಎಂದರು.

ಹಮೀದುನ್ನೀಸಾ ಕಾರ್ಡನ್ನು ತನ್ನತ್ತ ಎಳೆದುಕೊಂಡಳು. ಗಂಡನ ಸ್ಪೇರ್‌ಪಾರ್ಟ್ ಡಬ್ಬಿಗಳ ಮೇಲಿನ ಹೆಸರು ನೋಡಿ ನೋಡಿಯೇ ಅವಳು ಇಂಗ್ಲಿಷ್ ಅಕ್ಷರ ಕಲಿತಿದ್ದಳು. ಕೂಡಿಸಿ ಕೂಡಿಸಿ ಓದಿದಳು. ಮಂಚೂರಿಯನ್, ಚೌಮೀನ್, ಚಾಪ್ಸುಯಿ. ಹೆಸರೇನೋ ಬಾಯಿಗೆ ಸಿಕ್ಕಿತು, ಒಳಗೇನಿದೆ ಎಂದು ತಿಳಿಯಲಿಲ್ಲ.

"ಮಿಕ್ಸೆಡ್ ಅಂದ್ರೆ ಏನೇನು ಹಾಕ್ತೀರಿ?" ಎಂದು ವೇಟರನ್ನು ಕೇಳಿದಳು.

"ಎಲ್ಲಾ ಹಾಕ್ತೀವಮ್ಮ."

"ಎಲ್ಲಾ ಅಂದ್ರೆ? ಒಂದೊಂದೇ ಹೇಳಿ."

ವಹಾಬ್ ಮೇಜಿನ ಕೆಳಗೆ ಅವಳ ಕಾಲು ತುಳಿದ. ಪಾಪ, ಗೌಡರ ಹುಬ್ಬು ಗಂಟಾದರೆ ಸಾಕು, ಅವನ ಎದೆ ಡವಡವ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳೇ ಹೊರತು ಮಾತನ್ನಲ್ಲ.

"ಕೋಳಿ, ಮೊಟ್ಟೆ, ಸೀಗಡಿ..." ವೇಟರ್ ತಡವರಿಸಿದ. "ಹಂದಿ."

"ನಮಗದು ಬೇಡ."

"ಹಂದೀನ ಎತ್ತಿಟ್ಟು ತಿನ್ನು ಮಾರಾಯ್ತಿ," ಗೌಡರು ನಕ್ಕರು. "ನಾನು ತರ್ಸಿದ್ದನ್ನ ಇಲ್ಲೀವರೆಗೆ ಯಾರೂ ಬೇಡ ಅಂದಿಲ್ಲ."

"ನೀವು ಕೇಳಿದ್ದಿದ್ರೆ ಅಂತಿದ್ರು ಗೌಡ್ರೇ."

ಗೌಡರ ನಗು ಆರಿಹೋಯಿತು. "ವಹಾಬ್, ನಿನ್ನ ಹೆಂಡ್ತಿಗೆ ಹೇಳು. ನಾಳೆಯಿಂದ ಕೆಲ್ಸ ಬೇಕೋ ಬೇಡ್ವೋ?"

ಹಮೀದುನ್ನೀಸಾಳಿಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಕೆಲಸ ಹೋದರೆ ತಾವಿರುವ ಎಸ್ಟೇಟಿನ ಲೈನ್ ಮನೆಯೂ ಹೋಗುತ್ತದೆ. ಆದರೆ ಸಂಬಳ ಕೊಡುವವರಿಗೆ ನಮ್ಮ ಬಾಯಿಯನ್ನೂ ಬರೆದುಕೊಟ್ಟಿದ್ದೇವೆಯೇ? ಸಿಟ್ಟು ನೆತ್ತಿಗೇರಿತು. ಗೌಡರಿಗೆ ಉತ್ತರ ಕೊಡದೆ ಮತ್ತೆ ವೇಟರನ್ನೇ ಕೇಳಿದಳು.

"ವೆಜ್ ನೂಡಲ್ಸ್ ಅಂದ್ರೆ?"

"ಶಾವಿಗೆ ಥರ ಅಮ್ಮ. ಕೋಸು, ಕ್ಯಾರೆಟ್, ಬೀನ್ಸ್, ಸೋಯಾ ಸಾಸ್. ಅಷ್ಟೇ."

"ಬೇರೆ ಬಾಣಲೇಲಿ ಮಾಡಿ. ನಾನೇ ಬಂದು ನಿಂತು ನೋಡ್ತೀನಿ. ನಂಗೊಂದು."

ಎಲ್ಲರೂ ವಹಾಬನ ಮುಖ ನೋಡಿದರು. ಅವನು ಹಣೆಯ ಬೆವರು ಒರೆಸಿಕೊಂಡ.

"ಎರಡು ತನ್ನಿ" ಎಂದ. "ನಾಳೆ ಕೆಲ್ಸಕ್ಕೆ ಬರ್ತೀನಿ ಗೌಡ್ರೇ. ಬೇಡ ಅನ್ನೋದಿದ್ರೆ ಅಲ್ಲೇ ಹೇಳಿ. ಇಲ್ಲಿ ನಾವು ತಿನ್ನೋದು ಇದೇ."

ಗೌಡರು ಬಾಯಿ ತೆರೆಯುವಷ್ಟರಲ್ಲಿ ಬೊಮ್ಮಯ್ಯ ತನ್ನ ಕುರ್ಚಿಯನ್ನು ಹಮೀದುನ್ನೀಸಾಳ ಹತ್ತಿರ ಸರಿಸಿದ. ಇಪ್ಪತ್ತು ವರ್ಷ ಗೌಡರು ತರಿಸಿದ್ದನ್ನೇ ತಿಂದ ಮನುಷ್ಯ. ಅಕ್ಷರ ಬಾರದವನು.

"ತಂಗೀ, ಆ ಕಾರ್ಡು ನಂಗೂ ಓದಿ ಹೇಳಮ್ಮ," ಎಂದ. "ಮೇಲಿಂದ ಶುರು ಮಾಡು."