‘ಮೊಸಳೆ ಸರದಾರ’ನ ನಲವತ್ತು ಪ್ರತಿ

ರಾಮದುರ್ಗದ ನಿಜಗುಣಪ್ಪನವರಿಗೆ ಫೋನಿನಲ್ಲಿ ನಲವತ್ತು ಅಂದುಬಿಟ್ಟಿದ್ದೆ. ನನ್ನ ತಪ್ಪು ಅಲ್ಲೇ ಆಯಿತು.

ಎಂಬತ್ತರ ಅಂಚಿನ ಅವರು ಬೋರ್ಡು ಬರೆದು ಬದುಕಿದವರು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಒಂದೇ ಒಂದು ಚಿತ್ರಕಥೆ ಪುಸ್ತಕ ಮಾಡಿದ್ದರು, ‘ಮೊಸಳೆ ಸರದಾರ’. ಸಾವಿರ ಪ್ರತಿ ಅಚ್ಚಾಗಿತ್ತು. ಅವರ ಮನೆಯಲ್ಲಿದ್ದ ಪ್ರತಿಗಳ ಗಂಟು ಹೊಳೆ ಬಂದ ವರ್ಷ ನೀರಿನಲ್ಲಿ ಹೋಯಿತು.

“ಪೂನಮ್, ಇನ್ನ ಎಷ್ಟ ಉಳದಾವು, ಅಷ್ಟ ಹೇಳವ್ವಾ. ಕಣ್ಣ ಮುಚ್ಚೂದ್ರೊಳಗ ಗೊತ್ತಾದ್ರ ಸಾಕು,” ಅಂದಿದ್ದರು. ಬೈಲಹೊಂಗಲದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಹಳೆಯ ಕಾಮಿಕ್ಸ್ ಕೂಡಿಸುವ ಹುಚ್ಚು ನನಗಿದೆ, ಅದಕ್ಕೇ ನನ್ನನ್ನು ಕೇಳಿದ್ದು.

ಈ ಕಡೆಯ ನಾಲ್ಕು ತಾಲೂಕಿನಲ್ಲಿ ಪುಸ್ತಕ ಜೋಪಾನ ಮಾಡುವ ಮನೆಗಳು ನಾನೂರಾದರೂ ಇದ್ದಾವು. ಗೊತ್ತಿದ್ದ ನಲವತ್ತು ಮನೆಗೆ ಫೋನು ಹಚ್ಚಿದೆ. ನಾಲ್ಕು ಮನೆಯವರು “ಐತ್ರಿ” ಅಂದರು. ಹತ್ತಕ್ಕೊಂದು, ಅಂದರೆ ನಾನೂರಕ್ಕೆ ನಲವತ್ತು. ಅದನ್ನು ಹೇಳಿದಂದಿನಿಂದ ನಿಜಗುಣಪ್ಪಜ್ಜ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರನ್ನೆಲ್ಲ ಕರೆದು ನಲವತ್ತು ಅಂತ ಹೇಳುತ್ತಿದ್ದರಂತೆ.

ಇನ್ನು ಆ ನಾಲ್ಕರ ಫೋಟೋ ತೆಗೆದು ಅಜ್ಜನಿಗೆ ತೋರಿಸೋಣವೆಂದು ಹೊರಟೆ. ಮೊದಲು ನಮ್ಮೂರಿನ ಮಹಾನಂದಾ ಟೀಚರ್ ಮನೆ.

“ನಮ್ದ ಐತೆವ್ವಾ. ಮೊಸಳಿ ಹಲ್ಲಿಗೆ ಯಾರೋ ಕೆಂಪ ಪೆನ್ಸಿಲ್ ಹಚ್ಚ್ಯಾರ ನೋಡು, ಅದು. ಕಿತ್ತೂರ ಗಂಗಪ್ಪ ಓದಾಕ ಒಯ್ದಾನ.”

ಕಿತ್ತೂರಿನ ಗಂಗಪ್ಪ ನನ್ನ ನಾಲ್ಕರಲ್ಲಿ ಎರಡನೆಯವನು. ಅವತ್ತೇ ಕಿತ್ತೂರಿನ ಬಸ್ಸು ಹತ್ತಿದೆ.

“ಪುಸ್ತಕ ನಂದ್ರಿ,” ಅಂದ ಗಂಗಪ್ಪ. “ಟೀಚರ್ ಬಾಯಾರು ಒಯ್ದಿದ್ರು, ಇಸ್ಕೊಂಡ ಬಂದೆ. ಈಗ ಯರಗಟ್ಟಿ ಸಾಜಿದನ ಕಡೆ ಐತಿ.”

“ಮನ್ಯಾಗ ಇಲ್ಲದ್ದನ್ನ ಐತಿ ಅಂತ ಯಾಕ ಹೇಳಿದ್ರಿ?”

“ಮಗಳನ್ನ ಗಂಡನ ಮನಿಗೆ ಕಳಿಸಿದ್ರ, ಮಗಳ ಇಲ್ಲಾ ಅಂತೀವೇನ್ರಿ?”

ಮರುದಿನ ಯರಗಟ್ಟಿಗೆ ಹೋದೆ. ಮೂರನೆಯವನಾದ ಸಾಜಿದ್ ಪಂಕ್ಚರ್ ಹಾಕುತ್ತಲೇ, “ನಂದ ಅದು, ಅಕ್ಕಾರ. ಸವದತ್ತಿ ಬಾನುಬಿ ಚಾಚಿ ಒಯ್ದಾಳ. ಕೆಂಪ ಹಲ್ಲಿಂದು,” ಅಂದ. ಅಲ್ಲಿ ಟ್ಯೂಬು ತೊಳೆಯುವ ತೊಟ್ಟಿಯ ಪಕ್ಕದಲ್ಲೇ ಕುಳಿತುಬಿಟ್ಟೆ. ಬಿಸಿಲಿಗೆ ಕಾಲು ಬಾತಿದ್ದವು.

ಪುಸ್ತಕ ಸಿಕ್ಕಿದ್ದು ಸವದತ್ತಿಯಲ್ಲಿ, ನಾಲ್ಕನೆಯವಳಾದ ಬಾನುಬಿಯ ಹೊಲಿಗೆ ಮಷಿನ್ ಕೆಳಗೆ, ರವಿಕೆ ಬಟ್ಟೆಗಳ ನಡುವೆ. ಮೊಸಳೆಯ ಹಲ್ಲು ಕೆಂಪಗಿದ್ದವು.

“ಮೂರ ಮಂದಿ ತಮ್ಮದಂತಾರಲ್ರಿ, ಚಾಚಿ?”

“ಅನ್ಲಿ. ಅವ್ರ ಬಾಯಿಗೇನ ನಾ ಗುಂಡಿ ಹಚ್ಚಲ್ಯಾ? ನೀ ಒಯ್ದ ಅಜ್ಜಾಗ ತೋರಿಸು. ಶುಕ್ರವಾರ ನನಗ ವಾಪಸ್ ಬೇಕು. ಆಮ್ಯಾಲ ನೀನೂ ನಂದ ಅನಬ್ಯಾಡ ಮತ್ತ!”

ರಾಮದುರ್ಗದ ಬಸ್ಸಿನಲ್ಲಿ ಮತ್ತೆ ಲೆಕ್ಕ ಹಾಕಿದೆ. ನಲವತ್ತು ಮನೆಗೆ ಒಂದಾದರೆ ನಾನೂರಕ್ಕೆ ಹತ್ತು. ಹತ್ತು ಅಂದರೂ ಅಜ್ಜನಿಗೆ ಅಷ್ಟು ಕೆಡುಕೆನಿಸಲಿಕ್ಕಿಲ್ಲ. ಆದರೆ ಇನ್ನೊಂದು ಪ್ರತಿ ಎಲ್ಲಾದರೂ ಇದ್ದಿದ್ದರೆ ಈ ನಾಲ್ವರು ಐವತ್ತು ಕಿಲೋಮೀಟರು ಸುತ್ತಿ ಒಂದಕ್ಕೇ ಯಾಕೆ ಜಗ್ಗಾಡುತ್ತಿದ್ದರು? ತಲೆ ಕಿಟಕಿಗೆ ಆನಿಸಿ ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ.

ಅಜ್ಜ ಕಟ್ಟೆಯ ಮೇಲೆಯೇ ಇದ್ದರು. ಪುಸ್ತಕ ಕೈಗಿಟ್ಟೆ. ಅವರು ಅದನ್ನು ತೆರೆಯಲಿಲ್ಲ.

“ನಲವತ್ತೂ ನೋಡಿ ಬಂದ್ಯಾ?”

“ಇಲ್ರಿ ಅಜ್ಜಾರ. ನಂದ ತಪ್ಪಾತು. ಒಂದ ಐತಿ, ಇದ. ನಾಕೂ ಮಂದಿ ಇದನ್ನ ತಮ್ಮದಂತ ಹೇಳಿದ್ರು, ನಾ ನಾಕ ಅಂತ ಎಣಿಸಿದೆ.”

ಅವರು ಬೀದಿಯ ಕಡೆ ನೋಡಿದರು. “ಓಣಿ ತುಂಬ ಹೇಳೇನಲ್ಲವ್ವಾ,” ಅಂದರು.

ಆಮೇಲೆ ಪುಸ್ತಕ ತೆರೆದರು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಹಲ್ಲಿನ ಕೆಂಪು ನೋಡಿದರು.

“ನನಗೂ ಕೆಂಪ ಹಾಕಬೇಕಂತಿತ್ತು. ಪ್ರೆಸ್ಸಿನ್ಯಾಗ ಕರಿ ಶಾಯಿ ಒಂದ ಇತ್ತು.” ಇನ್ನೊಂದು ಹಾಳೆ ತಿರುವಿ ಕೇಳಿದರು, “ನಾಕೂ ಮಂದಿ ಬಿಟ್ಟ ಕೊಡವಲ್ರು?”

“ಒಬ್ಬರೂ ಬಿಡವಲ್ರು. ಶುಕ್ರವಾರ ಬಾನುಬಿ ಚಾಚಿಗೆ ಮುಟ್ಟಸಬೇಕ್ರಿ.”

“ಇವತ್ತ ಬುಧವಾರ ಅಲ್ಲಾ? ಹಂಗಾರ ನೀ ನಾಡದ ಬಾ. ಓಣ್ಯಾಗ ನಾ ಒಂದೊಂದ ಮನಿಗೆ ಒಯ್ದ ತೋರಿಸಿ, ಒಂದ ಅಂತ ಹೇಳಿ ಬರತೇನಿ.”

ಕೋಲಿಗಾಗಿ ತಡಕಾಡಿದರು. ಎತ್ತಿ ಕೊಟ್ಟೆ. ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದೊಂದೇ ಮೆಟ್ಟಿಲಿಳಿದು, ಮೊದಲು ಎದುರುಮನೆಯ ಚನ್ನವ್ವನ ಬಾಗಿಲು ಬಡಿದರು.